ಲಾವೊಜಿಯಾ ಅಸಲಿಯೋ, ಶಿನ್‌ಜಿಯಾ ಅಸಲಿಯೋ? ತೈಚಿ ಕಲಿಯುತ್ತಿರುವ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಚೀನಾದ ಮುಷ್ಟಿವಿದ್ಯೆಯಾದ ತೈಚಿಯನ್ನು ಚೆನ್ ಶೈಲಿಯಲ್ಲಿ ಕಲಿಯುತ್ತಿದ್ದೇನೆ. ನಮ್ಮ ಶಿಕ್ಷಕರು ಹೇಳಿಕೊಡುವುದು ಲಾವೊಜಿಯಾದ, ಅಂದರೆ 'ಹಳೆಯ ಚೌಕಟ್ಟಿ'ನ, ಮೊದಲ ವರಸೆ. ಇತ್ತೀಚೆಗೆ ಹೊರಗಿನಿಂದ ಬಂದು ಶಿಬಿರ ನಡೆಸಿದವರೊಬ್ಬರು, 'ಇದು ಹಳ್ಳಿಯಲ್ಲಿ ಸವೆದುಹೋದ ವರಸೆ, ಗುರು ಚೆನ್ ಫಾಕ ಅವರ ನಿಜವಾದ ವರಸೆ ಶಿನ್‌ಜಿಯಾ, ಅಂದರೆ ಹೊಸ ಚೌಕಟ್ಟು' ಎಂದರು. ನಮ್ಮ ಶಿಕ್ಷಕರನ್ನು ಕೇಳಿದರೆ, 'ಹೆಸರೇ ಹೇಳುವಂತೆ ಅದು ಹೊಸದು, ಬೀಜಿಂಗ್‌ನಲ್ಲಿ ಸೇರಿಸಿದ ಅಲಂಕಾರ' ಎನ್ನುತ್ತಾರೆ. ಯೂಟ್ಯೂಬ್‌ನಲ್ಲಿ ನೋಡಿದರೆ ಒಂದೇ ಹೆಸರಿನ ವರಸೆಯನ್ನು ಹತ್ತು ಜನ ಹತ್ತು ರೀತಿ ಮಾಡುತ್ತಾರೆ. ಯಾವುದು ಅಸಲಿ? ನಾನು ಕಲಿಯುತ್ತಿರುವುದರ ಗುಣಮಟ್ಟವನ್ನು ತಿಳಿಯುವುದು ಹೇಗೆ? ಶಿಬಿರದವರು ಹನ್ನೆರಡನೆಯ ತಲೆಮಾರಿನ ಪರಂಪರೆಯ ಪ್ರಮಾಣಪತ್ರ ಕೊಡುತ್ತಾರಂತೆ. ಸೇರಬಹುದೇ? (ಅಂದ ಹಾಗೆ, ಕೆಲವು ತಿಂಗಳಿಂದ ಬಲ ಮೊಣಕಾಲು ನೋಯುತ್ತಿದೆ. ವಯಸ್ಸಿನ ಕಾರಣ ಇರಬಹುದು.)

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನೀವು ಕೊನೆಗೆ ಆವರಣದೊಳಗೆ ಹಾಕಿ ದಾಟಿಸಿದ ಸಾಲು. ಅದಕ್ಕೆ ಬರುತ್ತೇನೆ. ಅಸಲಿ ನಕಲಿಯ ಜಗಳ ತಲೆಯಲ್ಲಿ ಕೂತಿರುವ ತನಕ ಮೊಣಕಾಲಿನ ಮಾತು ನಿಮ್ಮ ಕಿವಿಗೆ ಬೀಳುವುದಿಲ್ಲವಾದ್ದರಿಂದ ಮೊದಲು ಜಗಳವನ್ನೇ ಎತ್ತಿಕೊಳ್ಳುತ್ತೇನೆ. ತರಗತಿಗಳಲ್ಲಿ ಫಾರ್ಮ್ ಎನ್ನುವುದನ್ನು ನೀವು ವರಸೆ ಎಂದು ಬರೆದಿದ್ದೀರಿ. ದೊಣ್ಣೆವರಸೆಯ ಕಾಲದಿಂದ ನಮ್ಮಲ್ಲಿರುವ ಮಾತು ಅದು, ನಾನೂ ಅದನ್ನೇ ಬಳಸುತ್ತೇನೆ.

ನಿಮ್ಮ ಶಿಕ್ಷಕರು, ಶಿಬಿರದವರು ಇಬ್ಬರೂ ಅರ್ಧರ್ಧ ಸರಿ ಎಂದು ರಾಜಿ ಮಾಡಿಸಿಬಿಡಬಹುದಿತ್ತು. ಆದರೆ ನನ್ನ ಲೆಕ್ಕದಲ್ಲಿ ಇಬ್ಬರೂ ತಪ್ಪು, ಅದೂ ಒಂದೇ ಜಾಗದಲ್ಲಿ ತಪ್ಪು. 'ಹಳೆಯದು', 'ಹೊಸದು' ಎಂಬ ಹಣೆಪಟ್ಟಿಯನ್ನು ವರಸೆಯ ವಯಸ್ಸು ಎಂದು ಇಬ್ಬರೂ ಓದುತ್ತಿದ್ದಾರೆ. ಹೆನಾನ್ ಪ್ರಾಂತ್ಯದ ವೆನ್ ಕೌಂಟಿಯಲ್ಲಿರುವ ಚೆನ್‌ಜಿಯಾಗೊ ಎಂಬ ಹಳ್ಳಿಗೆ ಯಾವುದು ಮೊದಲು ಮರಳಿತು, ಯಾವುದು ಆಮೇಲೆ ಬಂತು ಎಂಬುದಷ್ಟೇ ಆ ಹಣೆಪಟ್ಟಿಯಲ್ಲಿದೆ.

ನಡೆದದ್ದು ಹೀಗೆ. ಚೆನ್ ವಂಶದ 17ನೇ ತಲೆಮಾರಿನ ಚೆನ್ ಫಾಕ 1928ರಲ್ಲಿ ಹಳ್ಳಿ ಬಿಟ್ಟು ಬೀಜಿಂಗ್‌ಗೆ ಹೋದರು, 1957ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಕಲಿಸಿದರು. ಅವರಿಗಿಂತ ಸ್ವಲ್ಪ ಮೊದಲು ಬೀಜಿಂಗ್‌ಗೆ ಹೋಗಿ, ಅಲ್ಲಿಂದ ನಾನ್‌ಜಿಂಗ್‌ಗೆ ತೆರಳಿದವರು ಅದೇ ವಂಶದ ಮುಂದಿನ ತಲೆಮಾರಿನ ಚೆನ್ ಝಾವೊಪಿ. ಅತ್ತ ಹಳ್ಳಿ ಯುದ್ಧ, ಬರ, ಹಸಿವಿನಿಂದ ಬಡವಾಯಿತು. ಬಲ್ಲವರು ಸತ್ತರು, ಉಳಿದವರು ಚದುರಿದರು. 1958ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದ ಝಾವೊಪಿ ಹುಡುಗರನ್ನು ಕಲೆಹಾಕಿ ಮತ್ತೆ ಕಲಿಸಲು ತೊಡಗಿದರು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಅದಕ್ಕಾಗಿ ಅವಮಾನವನ್ನೂ ಉಂಡರು. ಇಂದು ಜಗತ್ತು ಸುತ್ತಿ ಕಲಿಸುವ ಚೆನ್ ಶಿಯಾವೊವಾಂಗ್ ಮತ್ತು ಅವರ ಓರಗೆಯವರು ಆ ಹುಡುಗರು. ಝಾವೊಪಿ 1972ರಲ್ಲಿ ತೀರಿಕೊಂಡ ಮೇಲೆ ಹಳ್ಳಿಯವರು ಚೆನ್ ಫಾಕ ಅವರ ಮಗ ಚೆನ್ ಝಾವೊಕುಯಿ ಅವರನ್ನು ಬೀಜಿಂಗ್‌ನಿಂದ ಕರೆಸಿಕೊಂಡರು. ಅವರು ಕಲಿಸಿದ್ದು ತಾವು ಅಪ್ಪನಿಂದ ಕಲಿತ ವರಸೆ. ಹುಡುಗರ ಕಣ್ಣಿಗೆ ಅದು ಬೇರೆಯಾಗಿ ಕಂಡಿತು: ಮಣಿಕಟ್ಟಿನ ಸುತ್ತುಗಳು ಹೆಚ್ಚು, ಎದೆ ಮತ್ತು ಸೊಂಟದ ಮಡಿಕೆಗಳು ಹೆಚ್ಚು, ಕೈ ಹಿಡಿದು ತಿರುಚುವ ಪಟ್ಟುಗಳು ಎದ್ದು ಕಾಣುತ್ತಿದ್ದವು. ತಮಗೆ ಮೊದಲೇ ಗೊತ್ತಿದ್ದುದನ್ನು ಲಾವೊಜಿಯಾ ಅಂದರೆ ಹಳೆಯ ಚೌಕಟ್ಟು ಎಂದರು, ಈಗ ಬಂದದ್ದನ್ನು ಶಿನ್‌ಜಿಯಾ ಅಂದರೆ ಹೊಸ ಚೌಕಟ್ಟು ಎಂದರು. ಬೀಜಿಂಗ್‌ನಲ್ಲಿ ಉಳಿದ ಕವಲು ಇಂದಿಗೂ ತನ್ನದನ್ನು ಹೊಸದು ಎಂದು ಒಪ್ಪುವುದಿಲ್ಲ. ಝಾವೊಕುಯಿ ಅವರ ಮಗ ಚೆನ್ ಯು ಅದನ್ನು ಗುಂಗ್‌ಫು ಜಿಯಾ ಎನ್ನುತ್ತಾರೆ.

ಇನ್ನೊಂದು ಗಂಟು ಇದೆ. 18ನೇ ಶತಮಾನದ ಕೊನೆ, 19ನೇ ಶತಮಾನದ ಆರಂಭದಲ್ಲಿ ಬಾಳಿದ 14ನೇ ತಲೆಮಾರಿನ ಇಬ್ಬರಲ್ಲಿ ಚೆನ್ ಚಾಂಗ್‌ಶಿಂಗ್ ಅವರದನ್ನು ಹಳೆಯದು, ಚೆನ್ ಯೂಬೆನ್ ಅವರದನ್ನು ಹೊಸದು ಎಂದು ಕರೆಯುವ ರೂಢಿ ಮೊದಲಿತ್ತು. ಯೂಬೆನ್ ಅವರ ಕವಲಿಗೆ ಇಂದು ಶಿಯಾವೊಜಿಯಾ, ಅಂದರೆ ಸಣ್ಣ ಚೌಕಟ್ಟು ಎಂದು ಹೆಸರು. ಹಾಗಾಗಿ ಹಳೆಯ ಬರಹವೊಂದರಲ್ಲಿ 'ಹೊಸ ಚೌಕಟ್ಟು' ಎಂದು ಓದಿದವರು ಅದನ್ನು ಇಂದಿನ ಶಿನ್‌ಜಿಯಾ ಎಂದುಕೊಂಡರೆ ಇಡೀ ವಾದ ದಾರಿ ತಪ್ಪುತ್ತದೆ. ಚೆನ್ ಶೈಲಿಯ ಕುರಿತು ನಡೆಯುವ ಜಗಳಗಳಲ್ಲಿ ಒಂದು ದೊಡ್ಡ ಪಾಲು ಈ ಗೊಂದಲದ ಮಕ್ಕಳೇ ಎಂದು ನನ್ನ ಗುಮಾನಿ.

ಈಗ ರಕ್ತಸಂಬಂಧ ನೋಡಿ. ಝಾವೊಪಿ ಕಲಿತದ್ದು ಯಾರಿಂದ? ಮನೆಯಲ್ಲಿ ತಂದೆಯಿಂದ, ಬಳಿಕ ಚೆನ್ ಫಾಕ ಅವರ ತಂದೆ ಚೆನ್ ಯಾನ್‌ಶಿ ಅವರಿಂದ, ಸ್ವತಃ ಚೆನ್ ಫಾಕ ಅವರಿಂದಲೂ. ಅಂದರೆ ನಿಮ್ಮ ಶಿಕ್ಷಕರ ಲಾವೊಜಿಯಾ ಮತ್ತು ಶಿಬಿರದವರ ಶಿನ್‌ಜಿಯಾ ಒಂದೇ ಅಂಗಳದಿಂದ ಹೊರಟವು. ಒಂದು ಸವೆದ ತುಂಡು, ಇನ್ನೊಂದು ಹಚ್ಚಿದ ಬಣ್ಣ ಎನ್ನುವವರು ಈ ಅಂಗಳವನ್ನು ಮರೆಯುತ್ತಾರೆ.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಕಲಿಸುವವರು ವಯಸ್ಸಾದಂತೆ ಬದಲಾಗುತ್ತಾರೆ, ಕಲಿಯುವವರು ಬೇರೆ ಬೇರೆ ಮೈಕಟ್ಟಿನವರು. ಹೊಂಗ್ ಜುನ್‌ಶೆಂಗ್ 1930ರಲ್ಲಿ ಚೆನ್ ಫಾಕ ಅವರ ಬಳಿ ಸೇರಿದರು, 1944ರಲ್ಲಿ ಜಿನಾನ್ ನಗರಕ್ಕೆ ಹೋದರು, 1956ರಲ್ಲಿ ಮತ್ತೆ ಬೀಜಿಂಗ್‌ಗೆ ಬಂದು ಗುರುಗಳೆದುರು ತಮ್ಮ ವರಸೆಯನ್ನು ತಿದ್ದಿಸಿಕೊಂಡರು. ಫೆಂಗ್ ಝಿಚಿಯಾಂಗ್ ಗುರುಗಳ ಕೊನೆಯ ವರ್ಷಗಳಲ್ಲಿ ಸೇರಿದವರು, ಬರುವಾಗಲೇ ಬೇರೆ ವಿದ್ಯೆಗಳ ಸಂಸ್ಕಾರ ಹೊತ್ತು ಬಂದವರು. ಇಬ್ಬರ ವರಸೆಗಳನ್ನು ಅಕ್ಕಪಕ್ಕ ಇಟ್ಟರೆ ಒಬ್ಬರೇ ಗುರುವಿನ ಶಿಷ್ಯರೆಂದು ಹೊಸಬರು ನಂಬುವುದಿಲ್ಲ. ಹೊಂಗ್ ಅವರದು ಬಿಗಿ, ಕೋನಗಳು ಸ್ಪಷ್ಟ, ಎದುರಾಳಿ ನಿಂತಿದ್ದಾನೆ ಎಂಬಂತಿರುತ್ತದೆ. ಫೆಂಗ್ ಅವರದು ದುಂಡಗೆ, ಮೃದುವಾಗಿ ಹರಿಯುತ್ತದೆ. ಇಬ್ಬರಲ್ಲಿ ಯಾರು ನಕಲಿ? ಕರ್ನಾಟಕ ಸಂಗೀತ ಕೇಳುವವರಿಗೆ ಇದರಲ್ಲಿ ಬೆರಗೇನೂ ಇಲ್ಲ. ತ್ಯಾಗರಾಜರ ಒಂದೇ ಕೃತಿ ಉಮಯಾಳಪುರಂ, ತಿಲ್ಲೈಸ್ಥಾನಂ, ವಾಲಾಜಪೇಟೆ ಶಿಷ್ಯಪರಂಪರೆಗಳಲ್ಲಿ ಬೇರೆ ಬೇರೆ ಸಂಗತಿಗಳೊಂದಿಗೆ ಬಂದಿದ್ದರೆ ಅದನ್ನು ಪಾಠಾಂತರ ಎನ್ನುತ್ತೇವೆ, ಯಾರನ್ನೂ ಕಳ್ಳ ಎನ್ನುವುದಿಲ್ಲ. ಅಪಶ್ರುತಿ ಮಾತ್ರ ಯಾವ ಪಾಠಾಂತರದಲ್ಲೂ ಅಪಶ್ರುತಿಯೇ. ನಿಮ್ಮ ಎರಡು ಪ್ರಶ್ನೆಗಳನ್ನು ನೀವು ಬೇರ್ಪಡಿಸಿಕೊಳ್ಳಬೇಕಾದದ್ದು ಇಲ್ಲಿ. ವರಸೆ ಎಲ್ಲಿಂದ ಬಂತು ಎಂಬುದು ಒಂದು ವಿಚಾರಣೆ, ಅದನ್ನು ಮಾಡುವ ಮೈ ಶ್ರುತಿಯಲ್ಲಿದೆಯೇ ಎಂಬುದು ಬೇರೆಯೇ ವಿಚಾರಣೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಹಚ್ಚಲು ಬರುವುದಿಲ್ಲ.

ಮೂಲ ವರಸೆಯೇ ಬೇಕು ಎಂದು ಹಟ ಹಿಡಿದವರು ಎಷ್ಟು ಹಿಂದೆ ಹೋಗಬೇಕೆಂದು ಯೋಚಿಸಿರುವುದಿಲ್ಲ. ಚೆನ್ ಮನೆತನದ ಹಸ್ತಪ್ರತಿಗಳಲ್ಲಿ ಐದು ವರಸೆಗಳು, ಫಿರಂಗಿ ಮುಷ್ಟಿ ಎಂಬ ಇನ್ನೊಂದು ವರಸೆ, 108 ಭಂಗಿಗಳ ಒಂದು ದೀರ್ಘ ವರಸೆ ಉಲ್ಲೇಖವಾಗಿವೆ. 9ನೇ ತಲೆಮಾರಿನ ಚೆನ್ ವಾಂಗ್‌ಟಿಂಗ್ ಅವರಿಂದ, ಅಂದರೆ 17ನೇ ಶತಮಾನದಿಂದ, ಇವು ಬಂದವೆಂದು ಮನೆತನದ ನಂಬಿಕೆ. ಚಾಂಗ್‌ಶಿಂಗ್ ಅವರ ಕಾಲಕ್ಕಾಗಲೇ ಬಳಕೆಯಲ್ಲಿ ಉಳಿದದ್ದು ಎರಡೇ: ಇಂದಿನ ಮೊದಲ ವರಸೆ ಮತ್ತು ಎರಡನೆಯದಾದ ಫಿರಂಗಿ ಮುಷ್ಟಿ. ಮೂಲವನ್ನು ಮೂಲದ ಮನೆಯವರೇ ಕಡಿದು, ಕೂಡಿಸಿ, ಬಿಟ್ಟು ಇಷ್ಟಕ್ಕೆ ತಂದಿದ್ದಾರೆ. ಇನ್ನೂ ಹಿಂದೆ ಹೋದರೆ 16ನೇ ಶತಮಾನದ ಮಿಂಗ್ ಸೇನಾನಿ ಚಿ ಜಿಗುವಾಂಗ್ ಸಿಗುತ್ತಾರೆ. ಹಲವು ಪಂಥಗಳ ಮುಷ್ಟಿವಿದ್ಯೆಯಿಂದ ಒಳ್ಳೆಯವೆನಿಸಿದ 32 ಭಂಗಿಗಳನ್ನು ಆಯ್ದು ಅವರು ತಮ್ಮ ಸೇನಾ ತರಬೇತಿ ಗ್ರಂಥದಲ್ಲಿ ಚಿತ್ರಸಹಿತ ಸೇರಿಸಿದರು. ಅದರ ಮೊದಲ ಭಂಗಿ ಲಾನ್ ಝಾ ಯಿ, ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸುವ ಭಂಗಿ. ನಿಮ್ಮ ಲಾವೊಜಿಯಾದಲ್ಲಿ ಜಿನ್ ಗಾಂಗ್ ದಾವೊ ದುಯಿ ಎಂಬ ಪಾದ ಅಪ್ಪಳಿಸುವ ಚಲನೆ ಮೊದಲ ಬಾರಿ ಆದ ಕೂಡಲೇ ಬರುವ ಚಲನೆಯೂ ಅದೇ ಹೆಸರಿನದು. ಇಂಥ ಹೆಸರುಗಳ ಸಾಮ್ಯವನ್ನು ಹಿಡಿದೇ 1930ರ ದಶಕದ ಇತಿಹಾಸಕಾರ ತಾಂಗ್ ಹಾವೊ, ತೈಚಿಯನ್ನು ವೂದಾಂಗ್ ಬೆಟ್ಟದ ಸಂತ ಝಾಂಗ್ ಸಾನ್‌ಫೆಂಗ್ ಕನಸಿನಲ್ಲಿ ಪಡೆದ ಕಥೆಯನ್ನು ಬದಿಗಿಟ್ಟು ಚೆನ್‌ಜಿಯಾಗೊ ಕಡೆ ಬೆರಳು ತೋರಿದರು. ಅವರ ತೀರ್ಮಾನವನ್ನು ಒಪ್ಪದವರು ಇಂದೂ ಇದ್ದಾರೆ. ಪಕ್ಕದ ಝಾವೊಬಾವೊ ಊರಿನವರಿಗೆ ತಮ್ಮದೇ ಮೂಲಕಥೆ ಉಂಟು. ಚಿ ಜಿಗುವಾಂಗ್ ಮಾತ್ರ ಇದನ್ನೆಲ್ಲ ಕೇಳಿದರೆ ನಗುತ್ತಿದ್ದರೇನೋ. ದೊಡ್ಡ ಯುದ್ಧಕ್ಕೆ ಬರಿಗೈ ವಿದ್ಯೆಯಿಂದ ಅಂಥ ಉಪಯೋಗವಿಲ್ಲ, ಕೈಕಾಲು ಪಳಗಿಸಲು ಹೊಸಬರಿಗೆ ಅದು ಹೊಸ್ತಿಲು ಎಂಬುದು ಅವರ ನಿಲುವಾಗಿತ್ತು.

ತೈಚಿಯ ಇನ್ನೊಂದು ಕವಲಾದ ಯಾಂಗ್ ಶೈಲಿಯಲ್ಲೂ ಇದೇ ರಾಮಾಯಣ. ಚಾಂಗ್‌ಶಿಂಗ್ ಅವರ ಬಳಿ ಕಲಿತ ಯಾಂಗ್ ಲೂಚಾನ್ ಹೆಬೆಯ್ ಪ್ರಾಂತ್ಯದ ಯೊಂಗ್‌ನಿಯಾನ್‌ನವರು. ಅವರ ಮೊಮ್ಮಗ ಯಾಂಗ್ ಚೆಂಗ್‌ಫು ನೆಗೆತ, ಸ್ಫೋಟಕ ಹೊಡೆತಗಳನ್ನು ತಗ್ಗಿಸಿ ನಿಧಾನವಾಗಿ ಹರಿಯುವ ದೊಡ್ಡ ಚೌಕಟ್ಟನ್ನು ನೆಲೆಗೊಳಿಸಿದರು. ಅವರ ಪ್ರಾಯದ ದಿನಗಳ ಚಿತ್ರಗಳನ್ನೂ 1930ರ ಆಸುಪಾಸಿನ ಚಿತ್ರಗಳನ್ನೂ ಒಟ್ಟಿಗೆ ಹರಡಿ ನೋಡಿದರೆ ಭಂಗಿಗಳು ಬದಲಾಗಿರುವುದು ಕಾಣುತ್ತದೆ. ಒಬ್ಬರೇ ಮನುಷ್ಯ, ಎರಡು ಅಧಿಕೃತ ರೂಪ. ಅವರ ವರಸೆಯಲ್ಲಿ 85 ಭಂಗಿ ಎನ್ನುವವರು, 103 ಎನ್ನುವವರು, 108 ಎನ್ನುವವರು ಪರಸ್ಪರ ಮುಖ ನೋಡದಷ್ಟು ಮುನಿಸಿಕೊಂಡದ್ದನ್ನು ಕಂಡಿದ್ದೇನೆ. ಮರುಕಳಿಸುವ ಚಲನೆಗಳನ್ನು ಒಂದೊಂದಾಗಿ ಎಣಿಸಿದರೆ ಒಂದು ಸಂಖ್ಯೆ, ಗುಂಪಾಗಿ ಎಣಿಸಿದರೆ ಇನ್ನೊಂದು. ವರಸೆ ಅದೇ. ನಿಮ್ಮ ಲಾವೊಜಿಯಾ 74ರದೋ 75ರದೋ ಎಂಬ ಪ್ರಶ್ನೆಯೂ ಈ ಜಾತಿಗೆ ಸೇರಿದ್ದು. ಅದರಲ್ಲಿ ಒಂದು ನಿಮಿಷವನ್ನೂ ಕಳೆಯಬೇಡಿ.

ಹೊಸದಾಗಿ ಕಟ್ಟಿದ ವರಸೆಗಳ ಬಗ್ಗೆ ನನಗೆ ತಕರಾರಿಲ್ಲ, ಕಟ್ಟಿದವರು ಹೆಸರು ಹೇಳಿದ್ದರೆ ಸಾಕು. 1956ರಲ್ಲಿ ಚೀನಾದ ಕ್ರೀಡಾ ಆಯೋಗ ಯಾಂಗ್ ಶೈಲಿಯಿಂದ ಆಯ್ದು 24 ಭಂಗಿಗಳ ಸರಳ ವರಸೆಯನ್ನು ಸಿದ್ಧಪಡಿಸಿತು. ಸಾಮಾನ್ಯ ಜನರ ಆರೋಗ್ಯಕ್ಕೆ ಎಂದು ಹೇಳಿಯೇ ಮಾಡಿತು. ಝೆಂಗ್ ಮಾನ್‌ಚಿಂಗ್ ಯಾಂಗ್ ವರಸೆಯನ್ನು 37 ಭಂಗಿಗಳಿಗೆ ಇಳಿಸಿದರು, ಅದು ತಮ್ಮ ಕೆಲಸ ಎಂದು ಮುಚ್ಚಿಡಲಿಲ್ಲ. ಚೆನ್ ಶಿಯಾವೊವಾಂಗ್ ಕಟ್ಟಿದ 38 ಮತ್ತು 19 ಭಂಗಿಗಳ ವರಸೆಗಳೂ ಹಾಗೆಯೇ. ಇವುಗಳನ್ನು ನಕಲಿ ಎನ್ನುವುದು ಅನ್ಯಾಯ. ನಕಲಿ ಎಂಬ ಮಾತು ಸಲ್ಲುವುದು ನಿನ್ನೆ ಕಟ್ಟಿದ್ದನ್ನು ಮುನ್ನೂರು ವರ್ಷ ಗುಪ್ತವಾಗಿ ಉಳಿದು ಬಂದದ್ದು ಎಂದು ಮಾರುವವರಿಗೆ. 'ಗುಪ್ತ ವರಸೆ' ಎಂಬ ಮಾತು ಶಿಬಿರದ ಕರಪತ್ರದಲ್ಲಿ ಕಂಡರೆ ಶುಲ್ಕದ ಸಾಲನ್ನು ಎರಡು ಬಾರಿ ಓದಿ.

ಪರಂಪರೆ ಬೇಡವೇ ಹಾಗಾದರೆ? ಬೇಕು, ಅದಕ್ಕೆ ಬಲವಾದ ಕಾರಣವೂ ಇದೆ. ಚೆನ್ ಮನೆಗಳಲ್ಲಿ ಚೌಕಟ್ಟನ್ನು ನಾದುವುದು ಎಂಬ ಪದ್ಧತಿ ಉಂಟು. ಶಿಷ್ಯ ಭಂಗಿಯಲ್ಲಿ ನಿಲ್ಲುತ್ತಾನೆ, ಗುರು ಕೈ ಹಚ್ಚಿ ಸೊಂಟವನ್ನು ಒಂದಿಷ್ಟು ಇಳಿಸುತ್ತಾನೆ, ಮೊಣಕೈಯನ್ನು ಒಳಕ್ಕೆ ತರುತ್ತಾನೆ, ತೊಡೆಸಂದಿಯನ್ನು ಸಡಿಲಿಸುತ್ತಾನೆ. ಒಂದು ಬೆರಳಿನಷ್ಟು ಬದಲಾವಣೆಗೆ ತೊಡೆ ಉರಿಯಲು ಶುರುವಾಗುತ್ತದೆ, ಭುಜ ಮಾತ್ರ ಹಗುರಾಗುತ್ತದೆ. ಇದು ಪುಸ್ತಕದಿಂದ ಬರುವುದಿಲ್ಲ. ಕಳೆದ ಶತಮಾನದ ಪುಸ್ತಕಗಳಲ್ಲಿ ಇರುವುದು ಭಂಗಿಯ ಕೊನೆಯ ಚಿತ್ರ, ಎರಡು ಚಿತ್ರಗಳ ನಡುವಿನ ದಾರಿ ಅಲ್ಲಿಲ್ಲ. ವಿಡಿಯೊದಲ್ಲಿ ದಾರಿ ಕಾಣುತ್ತದೆ, ಆದರೆ ಭಾರ ಎಲ್ಲಿದೆ, ಒತ್ತಡ ಯಾವ ಕಡೆಗೆ ಎಂಬುದು ಕಾಣುವುದಿಲ್ಲ. ಕೈಯಿಂದ ಕೈಗೆ ಬಂದ ತಿದ್ದುಪಡಿಗಳ ಸಾಲು ಎಂಬ ಅರ್ಥದಲ್ಲಿ ಪರಂಪರೆ ಬೆಲೆಬಾಳುವ ವಸ್ತು. ಹಾಗಾಗಿ ನಿಮ್ಮ ಶಿಕ್ಷಕರನ್ನು ನೀವು ಕೇಳಬೇಕಾದದ್ದು 'ನೀವು ಯಾವ ತಲೆಮಾರು' ಎಂದಲ್ಲ. 'ನಿಮ್ಮನ್ನು ಕೈಹಿಡಿದು ತಿದ್ದಿದವರು ಯಾರು, ಎಷ್ಟು ಕಾಲ' ಎಂದು ಕೇಳಿ.

ಗುಣಮಟ್ಟಕ್ಕೆ ಬರುತ್ತೇನೆ. ಇಡೀ ವರಸೆ ಬೇಡ, ಆ ಲಾನ್ ಝಾ ಯಿ ಒಂದನ್ನೇ ತೆಗೆದುಕೊಳ್ಳೋಣ. ಬಲಗಾಲು ಪಕ್ಕಕ್ಕೆ ಜಾರುತ್ತದೆ, ಭಾರ ಬಲಕ್ಕೆ ದಾಟುತ್ತದೆ, ಬಲಗೈ ಕಮಾನಾಗಿ ಬಲಕ್ಕೆ ಬಿಚ್ಚಿಕೊಳ್ಳುತ್ತದೆ, ಎಡಗೈ ಸೊಂಟದ ಮೇಲೆ ಕೂರುತ್ತದೆ. ಕನ್ನಡಿಯಲ್ಲಿ ನೋಡಿದರೆ ಬಹುತೇಕ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಮೊದಲು ಗಮನಿಸಬೇಕಾದದ್ದು ಕೈಯನ್ನು ಯಾರು ಒಯ್ಯುತ್ತಿದ್ದಾರೆ ಎಂಬುದನ್ನು. ಭಾರ ದಾಟಿ ಸೊಂಟ ತಿರುಗಿದ್ದರಿಂದ ಕೈ ಹೊರಟಿತೇ, ಅಥವಾ ಸೊಂಟ ನಿಂತ ಮೇಲೂ ಕೈ ತಾನಾಗಿ ಒಂದು ಗೇಣು ಮುಂದೆ ಹೋಯಿತೇ? ಹೋಗಿದ್ದರೆ ಆ ಒಂದು ಗೇಣು ಬರೀ ತೋಳಿನದು. ಬಳಿಕ ಭುಜ. ಕೈ ಬಿಚ್ಚುವಾಗ ಬಲಭುಜ ಕಿವಿಯ ಕಡೆಗೆ ಏರಿದರೆ ಕೆಳಗಿನ ಸಂಪರ್ಕ ಅಲ್ಲೇ ಕಡಿಯಿತು. ಕೊನೆಯಲ್ಲಿ ಒಬ್ಬ ಸಹಪಾಠಿಯನ್ನು ಕರೆಯಿರಿ. ನಿಮ್ಮ ಬಲ ಮುಂಗೈ ಮೇಲೆ ಅಂಗೈ ಇಟ್ಟು ನಿಮ್ಮ ನಡುವಿನ ಕಡೆಗೆ ಮೆಲ್ಲಗೆ, ಏರುತ್ತ ಹೋಗುವಂತೆ ಒತ್ತಲಿ. ಆ ಒತ್ತಡ ಬೆನ್ನು, ಸೊಂಟ ದಾಟಿ ಎಡಪಾದದ ಕೆಳಗೆ ಇಳಿದರೆ ಭಂಗಿ ಜೀವಂತವಾಗಿದೆ. ಭುಜದಲ್ಲಿ ಸಿಕ್ಕಿಕೊಂಡು ನೀವು ಹಲ್ಲು ಕಚ್ಚಿ ತಡೆಯಬೇಕಾದರೆ ಇಲ್ಲ. ಹಳೆಯ ತೈಚಿ ಗ್ರಂಥಗಳಲ್ಲಿ ಇದಕ್ಕೆ ಒಂದು ನಿಯಮವಿದೆ: ಮೈ ಚದುರಿದರೆ ದೋಷವನ್ನು ಸೊಂಟದಲ್ಲಿ, ಕಾಲುಗಳಲ್ಲಿ ಹುಡುಕಬೇಕು. ಕೈಯಲ್ಲಿ ಕಂಡ ತಪ್ಪನ್ನು ಕೈಯಲ್ಲೇ ತಿದ್ದುವ ಶಿಕ್ಷಕರ ಬಗ್ಗೆ ನನಗೆ ಅನುಮಾನ.

ಈ ಪರೀಕ್ಷೆ ಲಾವೊಜಿಯಾಕ್ಕೂ ಶಿನ್‌ಜಿಯಾಕ್ಕೂ ಒಂದೇ. ಶಿನ್‌ಜಿಯಾದಲ್ಲಿ ಕೈ ಬಿಚ್ಚುವ ಮುನ್ನ ಮಣಿಕಟ್ಟಿನಲ್ಲಿ, ಎದೆಯಲ್ಲಿ ಸಣ್ಣ ಸುತ್ತುಗಳು ಬರುತ್ತವೆ. ಅವು ಸೊಂಟದಿಂದ ಹೊರಟು ಮಣಿಕಟ್ಟಿಗೆ ಬಂದರೆ ನೂಲು ಸುತ್ತುವ ಬಲ ಎಂದು ಚೆನ್ ಮನೆಯವರು ಕರೆಯುವ ಸುರುಳಿ ಬಲ ಅಲ್ಲಿದೆ. ಮಣಿಕಟ್ಟಿನಲ್ಲೇ ಹುಟ್ಟಿ ಮಣಿಕಟ್ಟಿನಲ್ಲೇ ಸತ್ತರೆ ನಿಮ್ಮ ಶಿಕ್ಷಕರು ಹೇಳಿದ ಅಲಂಕಾರ ಎಂಬ ಮಾತು ಆ ವ್ಯಕ್ತಿಯ ಮಟ್ಟಿಗೆ ನಿಜ, ವರಸೆಯ ಮಟ್ಟಿಗೆ ಅಲ್ಲ. ಅದೇ ರೀತಿ, ಒಳಗೆ ಏನೂ ತಿರುಗದೆ ದೊಡ್ಡ ದೊಡ್ಡ ವೃತ್ತ ಬರೆಯುವ ಲಾವೊಜಿಯಾವೂ ಬೇಕಾದಷ್ಟಿದೆ. ಶಿಬಿರದವರು 'ಸವೆದದ್ದು' ಎಂದಾಗ ಅವರ ಕಣ್ಣ ಮುಂದೆ ಇದ್ದದ್ದು ಬಹುಶಃ ಅಂಥವೇ.

ಸ್ಫೋಟಕ ಹೊಡೆತ, ಅಂದರೆ ಫಾಜಿನ್, ಜನರನ್ನು ಬೇಗ ಮರುಳು ಮಾಡುತ್ತದೆ. ಯಾನ್ ಶೌ ಹೊಂಗ್ ಚುಯಿ ಎಂಬ ಮುಷ್ಟಿ ಹೊಡೆತದಲ್ಲಿ ತೋಳು ಪಟಕ್ಕನೆ ಸದ್ದು ಮಾಡಿ ಮೈಯೆಲ್ಲ ಅದುರಿದರೆ ಚಪ್ಪಾಳೆ ಬೀಳುತ್ತದೆ. ನಾನು ನೋಡುವುದು ಹೊಡೆತದ ಮರುಕ್ಷಣವನ್ನು. ಮುಷ್ಟಿ ನಿಂತ ಮೇಲೂ ಭುಜ, ತಲೆ ಎರಡು ಮೂರು ಬಾರಿ ಅಲುಗುತ್ತಿದ್ದರೆ ಬಲ ಹೊರಗೆ ಹೋಗಲಿಲ್ಲ, ಹೊಡೆದವನ ಮೈಯಲ್ಲೇ ಉಳಿಯಿತು. ಒಳ್ಳೆಯ ಹೊಡೆತ ಮುಗಿದ ಕೂಡಲೇ ಮನುಷ್ಯ ಮುಂದಿನ ಚಲನೆಗೆ ಸಿದ್ಧನಾಗಿ ನಿಂತಿರುತ್ತಾನೆ. ಸ್ಪರ್ಧೆಯ ವರಸೆಗಳು ಇಲ್ಲಿ ಕೆಡುತ್ತವೆ ಎಂದು ಬಲ್ಲವರು ಗೊಣಗುತ್ತಾರೆ, ಅದರಲ್ಲಿ ಸತ್ಯವಿದೆ. ತೀರ್ಪುಗಾರರಿಗೆ ದೂರದಿಂದ ಕಾಣುವುದು ನೆಗೆತ, ಎತ್ತರದ ಒದೆ, ಅದುರಾಟ. ಆದರೂ ಸ್ಪರ್ಧೆಯ ಹುಡುಗರ ಕಾಲಿನ ಬಲ, ಸಮತೋಲನ ಕಂಡು 'ಇದು ಬರೀ ಜಿಮ್ನಾಸ್ಟಿಕ್ಸ್' ಎಂದು ಮೂಗು ಮುರಿಯುವವರಲ್ಲಿ ಅರ್ಧ ಜನಕ್ಕೆ ಒಂದು ಕಾಲ ಮೇಲೆ ಹತ್ತು ಉಸಿರು ನಿಲ್ಲಲು ಬರುವುದಿಲ್ಲ.

ಶೈಲಿಯ ಲಕ್ಷಣವನ್ನು ದೋಷವೆಂದು ತಿಳಿಯುವ ಅಪಾಯವೂ ಇದೆ. ತೈಚಿಯ ಮತ್ತೊಂದು ಶೈಲಿಯಾದ ವೂ ಜಿಯಾನ್‌ಚುವಾನ್ ಅವರ ಕವಲಿನಲ್ಲಿ ಮುಂಡ ಮುಂದಕ್ಕೆ ಬಾಗಿರುತ್ತದೆ. ಯಾಂಗ್ ಶೈಲಿಯಲ್ಲಿ ಪಳಗಿದ ಕಣ್ಣಿಗೆ ಅದು ಎದ್ದು ಕಾಣುವ ತಪ್ಪು. ಆದರೆ ತಲೆಯಿಂದ ಹಿಮ್ಮಡಿಯವರೆಗೆ ಒಂದೇ ಗೆರೆ ಮುರಿಯದೆ ಉಳಿದಿದ್ದರೆ ಅದು ಬಾಗಿದ ನೇರ, ಆ ಶೈಲಿಯ ಲೆಕ್ಕಾಚಾರದ ಭಾಗ. ಸೊಂಟದಲ್ಲಿ ಗೆರೆ ಮುರಿದು ಪೃಷ್ಠ ಹಿಂದಕ್ಕೆ ಚಾಚಿದ್ದರೆ ಯಾವ ಶೈಲಿಯಲ್ಲೂ ದೋಷವೇ. ಹಾಗಾಗಿ ವಿಡಿಯೊ ನೋಡಿ ಹತ್ತು ಜನರಲ್ಲಿ ಹತ್ತು ರೀತಿ ಎಂದು ಗಾಬರಿಯಾಗುವ ಮೊದಲು, ಬೇರೆಯಾಗಿರುವುದು ಕೈಯ ದಾರಿಯೇ, ಅಥವಾ ಭಾರ, ಸೊಂಟ, ಗೆರೆಗಳೇ ಎಂದು ಒಮ್ಮೆ ನೋಡಿ.

ಈಗ ಮೊಣಕಾಲು. ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಇದಕ್ಕೆ ಬದಲಿ ಇಲ್ಲ. ಆದರೆ ಲಾವೊಜಿಯಾ ಮಾಡುವವರ ಬಲ ಮೊಣಕಾಲು ನೋಯುತ್ತಿದೆ ಎಂದರೆ ವಯಸ್ಸಿನ ಮೇಲೆ ಹಾಕುವ ಮುನ್ನ ನಾನು ಎರಡು ಕಡೆ ನೋಡುತ್ತೇನೆ. ಒಂದು, ಲಾನ್ ಝಾ ಯಿಯಲ್ಲಿ ಭಾರ ಬಲಗಾಲಿಗೆ ದಾಟುವ ಕ್ಷಣ. ತಿರುಗುವ ಕೆಲಸ ತೊಡೆಸಂದಿಯದು. ತೊಡೆಸಂದಿ ಬಿಗಿಯಾಗಿದ್ದರೆ ಆ ತಿರುವನ್ನು ಮೊಣಕಾಲು ಹೊರಬೇಕಾಗುತ್ತದೆ, ಅದು ಮಡಚಲು ಇರುವ ಕೀಲು, ತಿರುಚಲು ಇರುವುದಲ್ಲ. ಮೊಣಕಾಲು ಪಾದದ ಬೆರಳುಗಳ ದಿಕ್ಕು ಬಿಟ್ಟು ಒಳಕ್ಕೆ ಕುಸಿಯುತ್ತಿದೆಯೇ ಎಂದು ಯಾರಿಂದಾದರೂ ನೋಡಿಸಿ. ಇನ್ನೊಂದು, ಜಿನ್ ಗಾಂಗ್ ದಾವೊ ದುಯಿಯಲ್ಲಿ ಬಲಪಾದವನ್ನು ನೆಲಕ್ಕೆ ಅಪ್ಪಳಿಸುವುದು. ವರಸೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಚೆನ್‌ಜಿಯಾಗೊದ ಹಿರಿಯರು ಕಲಿತದ್ದು ಮಣ್ಣಿನ ಅಂಗಳದಲ್ಲಿ, ನೀವು ಮಾಡುತ್ತಿರುವುದು ಬಹುಶಃ ಟೈಲ್ಸ್ ಅಥವಾ ಸಿಮೆಂಟಿನ ಮೇಲೆ. ಸದ್ದು ಬಂದರೆ ಬಲ ಬಂತು ಎಂಬ ಭ್ರಮೆ ತರಗತಿಗಳಲ್ಲಿ ವ್ಯಾಪಕ. ಮೈ ಕೆಳಗೆ ಇಳಿಯುವುದರೊಂದಿಗೆ ಪಾದ ಸಡಿಲವಾಗಿ ಬೀಳಬೇಕೇ ಹೊರತು ತೊಡೆಯಿಂದ ಗುದ್ದಬಾರದು. ನೋವು ಇರುವ ತನಕ ಪಾದವನ್ನು ಸದ್ದಿಲ್ಲದೆ ಇಡಿ, ನಿಲುವನ್ನು ಎತ್ತರಿಸಿ. ತಗ್ಗಿದ ನಿಲುವು ಉತ್ತಮ ವರಸೆಯ ಗುರುತಲ್ಲ, ತಗ್ಗಿಯೂ ತೊಡೆಸಂದಿ ಸಡಿಲವಾಗಿ ಉಳಿದರೆ ಮಾತ್ರ ಅದಕ್ಕೆ ಅರ್ಥ.

ಇದನ್ನೇ ನಿಮ್ಮ ಶಿಕ್ಷಕರ ಪರೀಕ್ಷೆಯಾಗಿಯೂ ಬಳಸಿ. ನೋವಿನ ಸಂಗತಿ ಹೇಳಿದಾಗ ಅವರು ನಿಮ್ಮನ್ನು ಲಾನ್ ಝಾ ಯಿಯಲ್ಲಿ ನಿಲ್ಲಿಸಿ, ಕೈ ಹಚ್ಚಿ, ಯಾವುದೋ ಒಂದನ್ನು ಬದಲಿಸಿ, ಅಲ್ಲೇ ಮೊಣಕಾಲಿನ ಒತ್ತಡ ಕಡಿಮೆಯಾದರೆ ಅವರಿಗೆ ಚೌಕಟ್ಟು ನಾದಲು ಬರುತ್ತದೆ. ಅವರ ಇತಿಹಾಸದ ಪಾಠ ತಪ್ಪಾಗಿರಲಿ, ಪರವಾಗಿಲ್ಲ, ಅವರನ್ನು ಬಿಡಬೇಡಿ. 'ಅಭ್ಯಾಸ ಹೆಚ್ಚು ಮಾಡಿ, ತಾನಾಗಿ ಹೋಗುತ್ತದೆ' ಎಂದರೆ, ಅವರ ಲಾವೊಜಿಯಾ ಚೆನ್ ಫಾಕ ಅವರ ಅಂಗಳದಿಂದಲೇ ಬಂದಿದ್ದರೂ ನಿಮ್ಮ ಕಾಲಿಗೆ ಅದರಿಂದ ಲಾಭವಿಲ್ಲ.

ಪ್ರಮಾಣಪತ್ರದ ವಿಷಯ. ತಲೆಮಾರಿನ ಲೆಕ್ಕ ಎರಡು ಬಗೆಯಲ್ಲಿ ನಡೆಯುತ್ತದೆ. ವಂಶದ ಮೂಲಪುರುಷ ಚೆನ್ ಬು ಅವರಿಂದ ಎಣಿಸಿದರೆ ಚೆನ್ ಫಾಕ 17ನೆಯವರು, ಅವರ ಮೊಮ್ಮಗ ಚೆನ್ ಶಿಯಾವೊವಾಂಗ್ 19ನೆಯವರು. ಚೆನ್ ವಾಂಗ್‌ಟಿಂಗ್ ಅವರನ್ನೇ ಮೊದಲಿಗರೆಂದು ಹಿಡಿದರೆ ಅದೇ 19 ಎಂಬುದು 11 ಆಗುತ್ತದೆ. ಆ ಲೆಕ್ಕದಲ್ಲಿ ಹನ್ನೆರಡನೆಯ ತಲೆಮಾರು ಎಂದರೆ ಶಿಯಾವೊವಾಂಗ್ ಅವರ ಸಾಲಿನವರ ನೇರ ಶಿಷ್ಯರು. ಶಿಬಿರದವರು ತಾವು ಹನ್ನೆರಡನೆಯವರು ಎಂದಿದ್ದರೆ ಅವರ ಗುರು ಯಾರು ಎಂದು ಕೇಳಿ, ಸಂಖ್ಯೆ ಕೂಡಬೇಕು. ನಿಮ್ಮನ್ನೇ ಹನ್ನೆರಡನೆಯವರನ್ನಾಗಿ ಮಾಡುತ್ತೇವೆ ಎಂದಿದ್ದರೆ ಅವರು ಹನ್ನೊಂದನೆಯವರಾಗಿರಬೇಕು, ಅಂಥವರ ಹೆಸರು ಚೆನ್ ಶೈಲಿಯ ಲೋಕಕ್ಕೆ ಗೊತ್ತಿರುತ್ತದೆ. ಇನ್ನು ಬಾಯ್‌ಶಿ, ಅಂದರೆ ಗುರುವಿಗೆ ಚಹಾ ಅರ್ಪಿಸಿ ತಲೆಬಾಗಿ ಮನೆಯ ಶಿಷ್ಯನಾಗುವ ವಿಧಿ, ಒಂದು ವಾರಾಂತ್ಯದ ಶಿಬಿರದ ಕೊನೆಯಲ್ಲಿ ಶುಲ್ಕಕ್ಕೆ ಸಿಗುವ ವಸ್ತುವಲ್ಲ. ಮೊದಲು ಗುರು ಶಿಷ್ಯನನ್ನು ವರ್ಷಗಟ್ಟಲೆ ನೋಡುತ್ತಿದ್ದ, ಶಿಷ್ಯನೂ ಗುರುವನ್ನು ನೋಡುತ್ತಿದ್ದ.

ಶಿಬಿರಕ್ಕೆ ಹೋಗಬೇಕೆನಿಸಿದರೆ ಪ್ರಮಾಣಪತ್ರ ಬಿಟ್ಟು ಹೋಗಿ. ಶಿನ್‌ಜಿಯಾದ ಸಣ್ಣ ಸುತ್ತುಗಳನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಬಂದರೆ ನಿಮ್ಮ ಲಾವೊಜಿಯಾದ ದೊಡ್ಡ ವೃತ್ತಗಳೊಳಗೆ ಏನು ನಡೆಯಬೇಕಿತ್ತು ಎಂಬುದು ಹೊಳೆಯಬಹುದು. ಆದರೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಈಗಲೇ ಹಾರಬೇಡಿ. ಹಳ್ಳಿಯ ಕವಲಿನಲ್ಲಿ ಲಾವೊಜಿಯಾದ ಮೊದಲ ವರಸೆ, ನಂತರ ಎರಡನೆಯದು, ಶಿನ್‌ಜಿಯಾ ಆಮೇಲೆ ಎಂಬ ಕ್ರಮವಿದೆ. ಬೀಜಿಂಗ್ ಕವಲಿನವರು ಮೊದಲ ದಿನದಿಂದಲೇ ತಮ್ಮ ವರಸೆಯಿಂದ ಶುರುಮಾಡಿ ಗಟ್ಟಿ ಆಳುಗಳನ್ನು ತಯಾರಿಸಿದ್ದಾರೆ, ಆದ್ದರಿಂದ ಇದು ಶಾಸನವೇನಲ್ಲ. ನಿಮ್ಮ ಮಟ್ಟಿಗೆ ಮಾತ್ರ, ಭಾರ ದಾಟುವಾಗ ಮೊಣಕಾಲು ಕುಸಿಯುತ್ತಿದ್ದರೆ ಅದೇ ಕುಸಿತ ಶಿನ್‌ಜಿಯಾಕ್ಕೂ ನಿಮ್ಮ ಜೊತೆ ಬರುತ್ತದೆ, ಅಲ್ಲಿ ನೂರೆಂಟು ಸುತ್ತುಗಳ ನಡುವೆ ಅದನ್ನು ಹುಡುಕುವುದು ಇನ್ನೂ ಕಷ್ಟ. ಶಿಬಿರದಲ್ಲಿ ಬಿಡುವು ಸಿಕ್ಕರೆ ಅವರ ಮುಂದೆಯೂ ಲಾನ್ ಝಾ ಯಿಯಲ್ಲಿ ನಿಂತು ನನ್ನನ್ನು ತಿದ್ದಿ ಎಂದು ಕೇಳಿ. ಅವರು ಮುಟ್ಟುವ ಜಾಗ ಮತ್ತು ನಿಮ್ಮ ಶಿಕ್ಷಕರು ಮುಟ್ಟಿದ ಜಾಗ ಒಂದೇ ಆಗಿದ್ದರೆ ನನಗೆ ಬರೆದು ತಿಳಿಸಿ.